ಕೆಂಪು ಶಾಯಿಯ ಬಸುರಿ

ಮೂವತ್ತೆಂಟನೆಯ ವಯಸ್ಸಿನಲ್ಲಿ ನಾನು ಬಸುರಿಯಾದೆ. ಹಿಂದಿನ ದಿನ ಸಂಜೆಯವರೆಗೂ ನಮ್ಮ ಪದವಿಪೂರ್ವ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗಿಂತ ಚಿಕ್ಕವಳು ನಾನೇ. "ನೀವಿನ್ನೂ ಹುಡುಗಿ ಕಣಮ್ಮ, ಎಲೆಕ್ಷನ್ ಡ್ಯೂಟಿಗೆ ನೀವೇ ಹೋಗಿಬನ್ನಿ" ಎಂದು ಪ್ರಾಂಶುಪಾಲರು ಪ್ರತಿ ಚುನಾವಣೆಯಲ್ಲೂ ನನ್ನ ಯೌವನವನ್ನು ಗೌರವಿಸುತ್ತ ಬಂದವರು. ಮರುದಿನ ಬೆಳಿಗ್ಗೆ ಹತ್ತೂವರೆಗೆ ತುಮಕೂರಿನ ಒಂದು ಆಸ್ಪತ್ರೆಯ ಕೌಂಟರಿನಲ್ಲಿ, ನನ್ನ ವಿದ್ಯಾರ್ಥಿನಿಯಾಗಿರಬಹುದಾದ ವಯಸ್ಸಿನ ಹುಡುಗಿಯೊಬ್ಬಳು ನನ್ನ ಫೈಲಿನ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ 'ಎಲ್ಡರ್ಲಿ ಪ್ರೈಮಿ' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಳು. ಒಂದೇ ರಾತ್ರಿಯಲ್ಲಿ ಹುಡುಗಿಯಿಂದ ಮುದುಕಿಗೆ ಬಡ್ತಿ. ನಮ್ಮ ಇಲಾಖೆಯಲ್ಲಿ ಇಷ್ಟು ಬೇಗ ಬಡ್ತಿ ಸಿಕ್ಕಿದವರು ಬೇರೆ ಯಾರೂ ಇರಲಾರರು.

ಪ್ರೈಮಿ ಎಂದರೆ ಚೊಚ್ಚಲು. ಎಲ್ಡರ್ಲಿ ಎಂದರೆ ಏನೆಂದು ನಿಮಗೇ ಗೊತ್ತು. ಮುದುಕಿ ಎಂದು ಒಪ್ಪಿಕೊಂಡ ಮೇಲೆ ಮುದಿತನಕ್ಕೆ ಸಲ್ಲಬೇಕಾದ ಸವಲತ್ತನ್ನಾದರೂ ಪಡೆಯೋಣವೆಂದು, ವಾಪಸು ಬರುವಾಗ ಬಸ್ಸಿನಲ್ಲಿ 'ಹಿರಿಯ ನಾಗರಿಕರಿಗೆ' ಎಂದು ಬರೆದ ಸೀಟಿನಲ್ಲಿ ಕುಳಿತೆ. ಕಂಡಕ್ಟರು ಶಕ್ತಿ ಯೋಜನೆಯ ಚೀಟಿಗೆಂದು ಆಧಾರ್ ನೋಡಿ, "ಏಳಿ ಮೇಡಂ, ಅಜ್ಜ ಒಬ್ಬರು ನಿಂತಿದ್ದಾರೆ, ನೀವು ಗಟ್ಟಿಮುಟ್ಟಾಗಿದ್ದೀರಲ್ಲ" ಎಂದು ಎಬ್ಬಿಸಿದ. ನಿಂತುಕೊಂಡು ಕಿಟಕಿಯಾಚೆ ನೋಡಿದರೆ ವೃತ್ತದಲ್ಲಿ ಎರಡಾಳೆತ್ತರದ ಫ್ಲೆಕ್ಸು: 'ಯುವ ನೇತಾರರಿಗೆ 52ನೇ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು'. ಐವತ್ತೆರಡಕ್ಕೆ ಯುವ ನೇತಾರ, ಮೂವತ್ತೆಂಟಕ್ಕೆ ವಯೋವೃದ್ಧ ಬಸುರಿ. ನನ್ನ ಪಿಯು ಮಕ್ಕಳು ಹೀಗೆ ಲೆಕ್ಕ ಬಿಡಿಸಿದ್ದರೆ ಸೊನ್ನೆ ಸುತ್ತುತ್ತಿದ್ದೆ.

ಗಣಿತ ಪಾಠ ಹೇಳುವವಳಿಗೆ ಯಾವುದೇ ಅಂಕಿ ಕಂಡರೂ ಅದರ ಕುಲಗೋತ್ರ ವಿಚಾರಿಸುವ ಚಟ. ಎಲ್ಡರ್ಲಿ ಪಟ್ಟಕ್ಕೆ 35 ಎಂಬ ಗೆರೆ ಎಲ್ಲಿಂದ ಬಂತು ಎಂದು ಹುಡುಕಿದೆ. ಪ್ರಸೂತಿ ತಜ್ಞರ ಅಂತಾರಾಷ್ಟ್ರೀಯ ಒಕ್ಕೂಟವಾದ ಫಿಗೊ 1958ರಲ್ಲೇ 35 ತುಂಬಿದ ಚೊಚ್ಚಲು ಬಸುರಿಗೆ ಈ ಬಿರುದು ದಯಪಾಲಿಸಿತ್ತು. ಆಮೇಲೆ 1970ರ ದಶಕದಲ್ಲಿ ಆಮ್ನಿಯೊಸೆಂಟೆಸಿಸ್ ಬಳಕೆಗೆ ಬಂತು. ಹೊಟ್ಟೆಗೆ ಸೂಜಿ ಹಾಕಿ, ಮಗುವಿನ ಸುತ್ತಲಿನ ನೀರು ತೆಗೆದು, ವರ್ಣತಂತು ಎಣಿಸುವ ಪರೀಕ್ಷೆ ಅದು. ಆ ಸೂಜಿಯಿಂದ 200ರಲ್ಲಿ ಒಂದು ಗರ್ಭ ಜಾರಬಹುದೆಂದು ಆಗಿನವರ ಅಂದಾಜು. ತಾಯಿಗೆ 35 ಆಗುವ ಹೊತ್ತಿಗೆ ಮಗುವಿಗೆ ವರ್ಣತಂತು ದೋಷವಿರುವ ಸಂಭವವೂ ಹೆಚ್ಚುಕಡಿಮೆ ಅಷ್ಟೇ. ತಕ್ಕಡಿ ಸಮವಾದ ಜಾಗದಲ್ಲಿ, 'ಇದಕ್ಕಿಂತ ಮೇಲಿನವರಿಗೆ ಸೂಜಿ ಹಾಕಿದರೆ ತಪ್ಪಿಲ್ಲ' ಎಂದು ಒಂದು ಗೆರೆ ಎಳೆದರು. ಸೂಜಿಯ ಅನುಕೂಲಕ್ಕೆ ಎಳೆದ ಗೆರೆ ಅದು. ಈಗ ಸೂಜಿ ಹಾಕುವ ಕೈ ಪಳಗಿ ಅಪಾಯ ಇಳಿದಿದೆ. ರಕ್ತದಲ್ಲೇ ಜಾಲಾಡುವ ಪರೀಕ್ಷೆಗಳು ಬಂದಿವೆ. ತಪಾಸಣೆಯ ಅವಕಾಶ ಎಲ್ಲ ವಯಸ್ಸಿನ ಗರ್ಭಿಣಿಗೂ ಇರಲಿ ಎಂದು ಅಮೆರಿಕದ ಪ್ರಸೂತಿ ತಜ್ಞರ ಸಂಘ 2007ರಲ್ಲೇ ಹೇಳಿದೆ. ಗೆರೆ ಮಾತ್ರ ಅಳಿಸಿಲ್ಲ. ಸೂಜಿಯದ್ದಾಗಿದ್ದ ಗೆರೆ ಈಗ ನಮ್ಮ ಹಣೆಯ ಮೇಲಿದೆ.

ಅಪಾಯವೇ ಇಲ್ಲ ಎಂದು ವಾದಿಸಲು ನಾನು ಹೊರಟಿಲ್ಲ. ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟುವ ಸಂಭವ 25ನೇ ವಯಸ್ಸಿನಲ್ಲಿ ಸುಮಾರು 1,250ಕ್ಕೆ ಒಂದು, 35ರಲ್ಲಿ ಸುಮಾರು 350ಕ್ಕೆ ಒಂದು, 40ರಲ್ಲಿ ಸುಮಾರು 100ಕ್ಕೆ ಒಂದು. ಗರ್ಭಪಾತ, ಸಕ್ಕರೆ, ರಕ್ತದೊತ್ತಡ ಎಲ್ಲವೂ ವಯಸ್ಸಿನ ಜೊತೆ ಏರುತ್ತವೆ. ಏರುವುದು ದೇವರಾಯನದುರ್ಗದ ಬೆಟ್ಟದ ದಾರಿಯ ಹಾಗೆ, ಸುತ್ತಿ ಸುತ್ತಿ, ಮೆಲ್ಲಗೆ. 35ರ ಹುಟ್ಟುಹಬ್ಬದ ದಿನ ಕೇಕ್ ಕತ್ತರಿಸಿದ ಕೂಡಲೇ ಕಾಲ ಕೆಳಗಿನ ನೆಲ ಕುಸಿಯುವುದಿಲ್ಲ. ಇನ್ನೂ ಒಂದು ತಮಾಷೆ ಇದೆ. ಡೌನ್ ಸಿಂಡ್ರೋಮ್ ಇರುವ ಹೆಚ್ಚಿನ ಮಕ್ಕಳು ಹುಟ್ಟುವುದು 35 ದಾಟದ ತಾಯಂದಿರಿಗೇ, ಏಕೆಂದರೆ ಹೆಚ್ಚು ಮಕ್ಕಳನ್ನು ಹೆರುವವರೇ ಅವರು. ಇದನ್ನು ಕೌಂಟರಿನ ಹುಡುಗಿಗೆ ವಿವರಿಸಲು ಹೋದೆ. "ಮೇಡಂ, ಕಾರ್ಡಾ ಕ್ಯಾಷಾ?" ಎಂದಳು.

ತಡವಾದದ್ದಕ್ಕೆ ನೆಂಟರಿಷ್ಟರು ಕಂಡುಕೊಂಡ ಕಾರಣ ಒಂದೇ: "ಓದಿದವಳು, ಕೆಲಸದ ಮೇಲೇ ಆಸೆ." ಆಸೆಯ ಚರಿತ್ರೆಯನ್ನು ಹೇಳುತ್ತೇನೆ, ಕೇಳಿ. ಎಂಎಸ್ಸಿ ಮುಗಿಸಿ ಎಂಟು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದೆ. ಈ ಅತಿಥಿಗೆ ಬೇಸಿಗೆ ರಜೆಯಲ್ಲಿ ಸಂಬಳವಿರಲಿಲ್ಲ, ಬಾಣಂತನಕ್ಕೆ ರಜೆಯಿರಲಿಲ್ಲ, ಮುಂದಿನ ಜೂನಿಗೆ ಕೆಲಸ ಇದೆಯೋ ಇಲ್ಲವೋ ದೇವರಿಗೂ ಗೊತ್ತಿರಲಿಲ್ಲ. ನೇಮಕಾತಿ ಅಧಿಸೂಚನೆ ಬಂತು, ಪರೀಕ್ಷೆ ಆಯಿತು, ಕೀ ಉತ್ತರಕ್ಕೆ ಆಕ್ಷೇಪಣೆ, ಆಕ್ಷೇಪಣೆಗೆ ಕೋರ್ಟು, ಕೋರ್ಟಿಗೆ ರಜೆ. ಆದೇಶ ಕೈಗೆ ಸಿಕ್ಕಾಗ 34. ಪ್ರೊಬೇಷನ್ ಮುಗಿಯಲಿ ಎಂದು ಕಾದೆ, ಮನೆ ಸಾಲದ ಕಂತು ಹಗುರಾಗಲಿ ಎಂದು ಕಾದೆ. ತಡಮಾಡಿದ್ದು ಸರ್ಕಾರ, ಎಲ್ಡರ್ಲಿ ಆದದ್ದು ನಾನು.

ಹಾಗಾದರೆ ಹೆಣ್ಣಿಗೆ ಬಸುರಾಗಲು ಸರಿಯಾದ ಸಮಯ ಯಾವುದು? ಕೂತು ಲೆಕ್ಕ ಹಾಕಿದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಅವರ ಮನೆಯವರು ಹೇಳಿದ್ದೂ ಅದೇ ಮಾತು: "ವಯಸ್ಸು ಮೀರುತ್ತಿದೆ." ಹದಿನೇಳಕ್ಕೆ ಮೀರುತ್ತದೆ, ಮೂವತ್ತೈದಕ್ಕೆ ಮೀರಿಹೋಗಿರುತ್ತದೆ. ಇಪ್ಪತ್ತೆರಡಕ್ಕಾದರೆ "ಓದು ಮುಗಿಸಬಾರದಿತ್ತೇ", ಇಪ್ಪತ್ತಾರಕ್ಕಾದರೆ "ಕೆಲಸಕ್ಕೆ ಸೇರಿ ಆರು ತಿಂಗಳೂ ಆಗಿಲ್ಲ", ಮೂವತ್ತಕ್ಕಾದರೆ "ಇಷ್ಟು ದಿನ ಏನು ಮಾಡುತ್ತಿದ್ದೆ". ಎಲ್ಲ ಕೂಡಿ ಕಳೆದರೆ ಸರಿಯಾದ ಸಮಯ ಒಂದು ಮಂಗಳವಾರ ಮಧ್ಯಾಹ್ನ ಎರಡರಿಂದ ಮೂರೂವರೆಯವರೆಗೆ ಇತ್ತು. ಆವತ್ತು ನಾನು ಪೇಪರ್ ವ್ಯಾಲ್ಯುಯೇಷನ್ನಿಗೆ ಹೋಗಿದ್ದೆ.

ನಮ್ಮ ಯಜಮಾನರಿಗೆ 43. ಆಸ್ಪತ್ರೆಯ ಅರ್ಜಿಯಲ್ಲಿ ಅವರ ಹೆಸರಿಗೆ ಜಾಗವಿತ್ತು, ಫೋನ್ ನಂಬರಿಗೆ ಜಾಗವಿತ್ತು, ಇನ್ಶೂರೆನ್ಸ್ ನಂಬರಿಗೆ ಎರಡು ಸಾಲು ಇತ್ತು. ವಯಸ್ಸಿಗೆ ಜಾಗವಿರಲಿಲ್ಲ. ತಂದೆಯ ವಯಸ್ಸು ಒಂದು ವರ್ಷ ಏರಿದಂತೆ ಮಗುವಿಗೆ ದಾಟುವ ಹೊಸ ಜೀನ್ ಬದಲಾವಣೆಗಳು ಸರಾಸರಿ ಎರಡರಷ್ಟು ಏರುತ್ತವೆ ಎಂದು ಐಸ್‌ಲ್ಯಾಂಡಿನ ಕುಟುಂಬಗಳ ಮೇಲೆ ನಡೆದ ಸಂಶೋಧನೆಯೊಂದು 2012ರಲ್ಲೇ ಹೇಳಿದೆ. ಆದರೂ 'ಎಲ್ಡರ್ಲಿ ಅಪ್ಪ' ಎಂದು ಕೆಂಪು ಶಾಯಿಯಲ್ಲಿ ಬರೆಸಿಕೊಂಡ ಗಂಡಸನ್ನು ನಾನು ಕಂಡಿಲ್ಲ. 2021ರ ಕೃತಕ ಸಂತಾನ ತಂತ್ರಜ್ಞಾನ ಕಾಯ್ದೆಯೂ ಹೆಣ್ಣಿಗೆ 50, ಗಂಡಿಗೆ 55 ಎಂದು ಐದು ವರ್ಷದ ರಿಯಾಯಿತಿ ಕೊಟ್ಟಿದೆ. ಇದಕ್ಕೂ ಪರಂಪರೆ ಇದೆ ಅನ್ನಿ. ವಾಲ್ಮೀಕಿಯ ದಶರಥ ತನಗೆ ಅರವತ್ತು ಸಾವಿರ ವರ್ಷವಾದ ಮೇಲೆ ಹುಟ್ಟಿದ ಮಗ ರಾಮ ಎಂದು ವಿಶ್ವಾಮಿತ್ರರ ಮುಂದೆ ಅಳುತ್ತಾನೆ. ಪುತ್ರಕಾಮೇಷ್ಟಿಯ ಪಾಯಸವನ್ನು ಕುಡಿಸಿದ್ದು ಮಾತ್ರ ರಾಣಿಯರಿಗೆ. ಚಿಕಿತ್ಸೆ ಯಾವತ್ತೂ ಹೆಂಗಸಿಗೇ.

ಸುದ್ದಿ ಹಬ್ಬಿದ ಮೇಲೆ ಮನೆಗೆ ಬಂದವರೆಲ್ಲ ಕೇಳಿದ ಮೊದಲ ಪ್ರಶ್ನೆ ಒಂದೇ: "ಎಷ್ಟು ವಯಸ್ಸಮ್ಮ ನಿಂಗೆ?" ಕೇಳಿ, ಬೆರಳು ಮಡಚಿ, ಮಗು ಎಸ್ಸೆಸ್ಸೆಲ್ಸಿಗೆ ಬರುವಾಗ ನನಗೆಷ್ಟು, ಅದರ ಮದುವೆಗೆ ನಾನು ಇರುತ್ತೇನೋ ಇಲ್ಲವೋ ಎಂದು ನನ್ನೆದುರೇ ಕೂಡುವ ಲೆಕ್ಕ. ಸೋದರತ್ತೆ ಬಂದು ಧೈರ್ಯ ಹೇಳಿದರು: "ಹೆದರಬೇಡ ಕಣೆ, ನಮ್ಮಮ್ಮ ಹನ್ನೆರಡನೆಯದನ್ನು ಹೆತ್ತಾಗ ನಲವತ್ಮೂರು. ಅದೇ ವರ್ಷ ನಮ್ಮಕ್ಕನೂ ಬಾಣಂತಿ. ತಾಯಿ ಮಗಳು ಒಂದೇ ಕೋಣೇಲಿ ಎರಡು ತೊಟ್ಟಿಲು ಕಟ್ಕೊಂಡಿದ್ರು. ಆಗೆಲ್ಲ ಯಾವ ಸ್ಕ್ಯಾನು, ಯಾವ ಡಾಕ್ಟ್ರು?" ಹನ್ನೆರಡರಲ್ಲಿ ಉಳಿದವರೆಷ್ಟು ಎಂದು ಕೇಳಿದೆ. ಸ್ವಲ್ಪ ಹೊತ್ತು ಸೀರೆಯ ಅಂಚು ತಿರುವಿದರು. "ಏಳು" ಎಂದರು. ಆಮೇಲೆ ಕಾಫಿ ಕೇಳಿದರು.

ಪಕ್ಕದ ಮನೆ ಆಂಟಿಯದು ವಿಜ್ಞಾನ ಪಂಥ. ಕೇಸರಿ ಹಾಕಿದ ಹಾಲು ಕುಡಿದರೆ ಮಗು ಬೆಳ್ಳಗಾಗುತ್ತದೆ, ಪರಂಗಿ ಹಣ್ಣಿನ ನೆರಳೂ ಸೋಕಬಾರದು, ಗ್ರಹಣದ ದಿನ ಚಾಕು ಮುಟ್ಟಿದರೆ ತುಟಿ ಸೀಳುತ್ತದೆ. ಇದರ ಮೇಲೆ ಯಾವುದೋ ಊರಿನ ಪಂಡಿತರ ಪುಡಿಯೊಂದನ್ನು ಪೊಟ್ಟಣ ಕಟ್ಟಿ ತಂದರು. ಎರಡನೇ ತಿಂಗಳು ಮುಗಿಯುವುದರೊಳಗೆ ಹಸುವಿನ ಹಾಲಿನಲ್ಲಿ ತೆಗೆದುಕೊಂಡರೆ "ಒಳ್ಳೇದಾಗುತ್ತೆ". ನಮ್ಮ ಸೀಮೆಯಲ್ಲಿ ಒಳ್ಳೇದು ಎಂದರೆ ಗಂಡು. ಮಂಡ್ಯದ ಆಲೆಮನೆಯೊಂದರಲ್ಲಿ ಬೆಲ್ಲದ ಕೊಪ್ಪರಿಗೆಯ ಪಕ್ಕ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣದ ಲಿಂಗ ಹೇಳುತ್ತಿದ್ದದ್ದು 2023ರಲ್ಲಿ ಬೆಳಕಿಗೆ ಬಂದಾಗ ಇದೇ ಆಂಟಿ, "ಅಯ್ಯೋ ಪಾಪಿಗಳು" ಎಂದು ಟೀವಿಗೆ ಬೈದಿದ್ದರು. ಪುಡಿ ಬೇರೆ, ಪಾಪ ಬೇರೆ.

ಇನ್ನು ಆಸ್ಪತ್ರೆ. ಅಲ್ಲಿ ನನಗೆ ಎರಡನೆಯ ಬಿರುದು ಸಿಕ್ಕಿತು: 'ಪ್ರೆಶಸ್ ಪ್ರೆಗ್ನೆನ್ಸಿ'. ಅಮೂಲ್ಯ ಬಸುರು. ತಡವಾಗಿ ಆದದ್ದು, ಚಿಕಿತ್ಸೆಯಿಂದ ಆದದ್ದು, ಮತ್ತೆ ಆಗುತ್ತದೋ ಇಲ್ಲವೋ ಎನ್ನುವಂಥದ್ದು ಎಲ್ಲ ಅಮೂಲ್ಯ. ಪಕ್ಕದ ಕುರ್ಚಿಯಲ್ಲಿ ಕೂತಿದ್ದ 22ರ ಹುಡುಗಿಯದು ಹಾಗಾದರೆ ಅಗ್ಗದ ಬಸುರೇ ಎಂದು ಕೇಳಬೇಕೆನಿಸಿತು. ಬಿಲ್ಲು ಬಂದ ಮೇಲೆ ಕೇಳಲಿಲ್ಲ. ಅಮೂಲ್ಯ ಎಂದರೆ ಬೆಲೆ ಕಟ್ಟಲಾಗದ್ದು ಎಂಬ ನಿಘಂಟಿನ ಅರ್ಥ ತಪ್ಪೆಂದೂ, ಕಟ್ಟಿ ಮುಗಿಸಲಾಗದ್ದು ಎಂಬುದೇ ಸರಿಯೆಂದೂ ತಿಳಿಯಿತು. 'ಪ್ರೆಶಸ್ ಪ್ಯಾಕೇಜ್' ಎಂಬ ಬಣ್ಣದ ಹಾಳೆಯಲ್ಲಿ ಮಗುವಿನ ಮುಖದ ಫೋರ್‌ಡಿ ಫೋಟೊ, ಚೌಕಟ್ಟು ಸಮೇತ, ಹೊಟ್ಟೆ ಹಿಡಿದುಕೊಂಡು ತೆಗೆಸುವ ಫೋಟೊಶೂಟಿಗೆ ಶೇ 10 ರಿಯಾಯಿತಿ, ಸೀಮಂತಕ್ಕೆ ಹಸಿರು ಬಳೆ ಉಚಿತ.

ಪರೀಕ್ಷೆಗಳ ಪಟ್ಟಿ ಕೊಟ್ಟರು. ಆ ಪಟ್ಟಿಯಲ್ಲಿ ಬೇಕಾದವೂ ಇದ್ದವು. ಅವನ್ನು ಬೈಯುವುದು ನ್ಯಾಯವಲ್ಲ. 11 ವಾರದಿಂದ 13 ವಾರ 6 ದಿನದೊಳಗೆ ವರ್ಣತಂತು ದೋಷದ ಸುಳಿವು ಹುಡುಕುವ ಎನ್‌ಟಿ ಸ್ಕ್ಯಾನು, ಅದರ ಜೊತೆ ಡಬಲ್ ಮಾರ್ಕರ್ ರಕ್ತಪರೀಕ್ಷೆ. ಈ ಅವಧಿ ದಾಟಿದರೆ ಮತ್ತೆ ಸಿಗುವುದಿಲ್ಲ. ಐದನೇ ತಿಂಗಳಿಗೆ ಬೀಳುವ ಅನಾಮಲಿ ಸ್ಕ್ಯಾನು ಅಂಗಾಂಗ ನೋಡುವುದಕ್ಕೆ. ಇವೆಲ್ಲ ಸರಿಯೇ. ಸರಿಯಿಲ್ಲದ್ದು ಫಲಿತಾಂಶ ಹೇಳುವ ರೀತಿ. ನನ್ನ ವರದಿಯ ಮೇಲೆ 'ಹೈ ರಿಸ್ಕ್' ಎಂದು ದಪ್ಪಕ್ಷರ. ಕೌಂಟರಿನ ಹುಡುಗಿ ನನ್ನ ಮುಖ ನೋಡದೆ, ಸಾವಿನ ಮನೆಗೆ ಬಂದವಳ ದನಿಯಲ್ಲಿ, "ಡಾಕ್ಟರ್ ಗುರುವಾರ ಸಿಗ್ತಾರೆ" ಎಂದಳು. ಆವತ್ತು ಶುಕ್ರವಾರ.

ಆರು ರಾತ್ರಿ ನಾನು ಮಲಗಲಿಲ್ಲ. ಏಳನೆಯ ದಿನ ಡಾಕ್ಟರಮ್ಮ ಎರಡೂವರೆ ನಿಮಿಷದಲ್ಲಿ ಹೇಳಿದ್ದನ್ನು, ಮನೆಗೆ ಬಂದು ನಾನೇ ಎರಡೂವರೆ ಗಂಟೆ ಓದಿ ಅರ್ಥಮಾಡಿಕೊಂಡೆ. ಇವೆಲ್ಲ ಜರಡಿ. ಜರಡಿ ಹಿಡಿದ ಮಾತ್ರಕ್ಕೆ ಮೇಲುಳಿದದ್ದೆಲ್ಲ ಕಲ್ಲಲ್ಲ. ಯಾವ ದೋಷವೂ ಇಲ್ಲದ ನೂರು ಬಸುರಿಯರನ್ನು ಈ ಮೊದಲ ಜರಡಿಯಲ್ಲಿ ಸೋಸಿದರೂ ಸುಮಾರು ಐವರು ಮೇಲುಳಿಯುತ್ತಾರೆ. ಇನ್ನೂ ಸಣ್ಣ ಕಣ್ಣಿನ ಜರಡಿ ಎನ್‌ಐಪಿಟಿ. ತಾಯಿಯ ರಕ್ತದಲ್ಲಿ ಮಗುವಿನ ಡಿಎನ್‌ಎ ತುಣುಕು ತೇಲುತ್ತಿರುತ್ತದೆ ಎಂದು ಹಾಂಗ್‌ಕಾಂಗಿನ ಡೆನ್ನಿಸ್ ಲೋ ಮತ್ತು ಸಂಗಡಿಗರು 1997ರಲ್ಲಿ ಕಂಡುಹಿಡಿದದ್ದರಿಂದ ಸಾಧ್ಯವಾದ ಪರೀಕ್ಷೆ. ಡೌನ್ ಸಿಂಡ್ರೋಮಿನ ನೂರರಲ್ಲಿ 99ನ್ನು ಹಿಡಿಯುತ್ತದೆ, ಆದರೂ ಜರಡಿಯೇ. ಖಚಿತವಾಗಬೇಕಾದರೆ ಕೊನೆಗೆ ಆ ಹಳೆಯ ಸೂಜಿಯೇ ಗತಿ. ಇಷ್ಟನ್ನು ಶುಕ್ರವಾರವೇ, ಒಂದು ಕುರ್ಚಿ ಕೊಟ್ಟು, ಹತ್ತು ನಿಮಿಷ ಹೇಳಿದ್ದರೆ ಆರು ರಾತ್ರಿ ಉಳಿಯುತ್ತಿತ್ತು. ಪ್ಯಾಕೇಜಿನಲ್ಲಿ ಬಳೆಗೆ ಜಾಗವಿತ್ತು, ಹತ್ತು ನಿಮಿಷದ ಮಾತಿಗೆ ಇರಲಿಲ್ಲ. ಎರಡನೆಯ ಜರಡಿಯಲ್ಲಿ ನಾನು ಕೆಳಗಿಳಿದೆ. ಅದಕ್ಕೆ ಯಾರೂ ದಪ್ಪಕ್ಷರ ಬಳಸಲಿಲ್ಲ.

ಮಾತ್ರೆಗಳ ಕಥೆ ಬೇರೆಯೇ. ಚೊಚ್ಚಲು, ಮೇಲೆ 35 ದಾಟಿದೆ. ಹೀಗೆ ಎರಡು ಕಾರಣ ಕೂಡಿದರೆ ಬಿಪಿಯ ಕಾಟ ತಪ್ಪಿಸಲು 12 ವಾರದ ನಂತರ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಡುವುದುಂಟು. ಡಾಕ್ಟರಮ್ಮ ಬರೆದುಕೊಟ್ಟರು. ಪಕ್ಕದ ಮನೆ ಆಂಟಿ ಪಟ್ಟಿ ತಿರುಗಿಸಿ ನೋಡಿ ಎದೆ ಹಿಡಿದುಕೊಂಡರು: "ಅಯ್ಯೋ, ಇದು ನಮ್ಮ ಮನೆಯವರ ಹಾರ್ಟ್ ಮಾತ್ರೆ! ರಕ್ತ ನೀರಾಗಿಬಿಡುತ್ತೆ!" ಮರುದಿನದಿಂದ ಮಾತ್ರೆ ನಾಪತ್ತೆ. ಹದಿನೈದು ದಿನದ ಮೇಲೆ ದೇವರ ಮನೆಯಲ್ಲಿ, ಗಂಧದ ಡಬ್ಬಿಯ ಹಿಂದೆ ಸಿಕ್ಕಿತು. ಅತ್ತೆಯನ್ನು ಕೇಳಿದರೆ, "ಬಿಸಾಡೋಕೆ ಮನಸ್ಸು ಬರಲಿಲ್ಲ ಕಣಮ್ಮ, ದುಡ್ಡು ಕೊಟ್ಟಿದೀವಲ್ಲ, ದೇವರ ಹತ್ರ ಇಟ್ಟೆ" ಎಂದರು. ಊರು ಹೆಸರಿಲ್ಲದ ಪುಡಿಗೆ ಹಸುವಿನ ಹಾಲು, ಊರಿಗೆಲ್ಲ ಗೊತ್ತಿರುವ ಮಾತ್ರೆಗೆ ಅಜ್ಞಾತವಾಸ. ಕಬ್ಬಿಣದ ಮಾತ್ರೆಯನ್ನು ಮಾತ್ರ ಅತ್ತೆ ಮರೆಯದೆ ದಿನಾ ಕೊಡುತ್ತಿದ್ದರು, ಗಟ್ಟಿ ಫಿಲ್ಟರ್ ಕಾಫಿಯ ಜೊತೆ. ಕಾಫಿ ಹೊಟ್ಟೆಯಲ್ಲಿರುವಾಗ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ, ಕ್ಯಾಲ್ಸಿಯಂ ಜೊತೆಗೂ ನುಂಗಬಾರದು, ನಿಂಬೆರಸವಾದರೆ ಒಳ್ಳೆಯದು ಎಂದು ನನಗೆ ಹೇಳಿದವರು ಆಸ್ಪತ್ರೆಯವರಲ್ಲ. ಯಾರು ಎನ್ನುವುದಕ್ಕೆ ಬರುತ್ತೇನೆ.

ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಮೂರು ಸಲ ಮನೆಗೆ ಬಂದಿದ್ದಳು. ಗೌರವಧನ ಹೆಚ್ಚಿಸಿ ಎಂದು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತಿದ್ದ ಸಾವಿರಾರು ಹೆಂಗಸರಲ್ಲಿ ಒಬ್ಬಳು. "ಅಕ್ಕ, ತಾಯಿ ಕಾರ್ಡ್ ಮಾಡಿಸ್ಕೊಳಿ. 9ನೇ ತಾರೀಕು ಬನ್ನಿ, ಆವತ್ತು ದೊಡ್ಡ ಡಾಕ್ಟ್ರು ಬರ್ತಾರೆ" ಎನ್ನುತ್ತಿದ್ದಳು. ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಸುರಿಯರಿಗೆ ಪುಕ್ಕಟೆ ತಪಾಸಣೆ. ಪ್ರೆಶಸ್ ಪ್ಯಾಕೇಜಿನ ಬಸುರಿಯಾದ ನಾನು ಪ್ರತಿ ಸಲವೂ ನಕ್ಕು, "ನೋಡೋಣ ಬಿಡಮ್ಮ" ಎಂದು ಕಳಿಸಿದ್ದೆ. ವ್ಯಂಗ್ಯ ಬರೆಯುವವಳು ತನ್ನನ್ನು ಬಿಟ್ಟು ಬರೆಯಬಾರದು; ಇದನ್ನೂ ಬರೆದುಕೊಳ್ಳಿ.

ಮೂವತ್ನಾಲ್ಕನೇ ವಾರ. ತಲೆನೋವು ಶುರುವಾಯಿತು. ಮೂರು ದಿನ ಬಿಡಲಿಲ್ಲ. ಬೆಳಿಗ್ಗೆ ಎದ್ದರೆ ಮುಖ ಬಾತುಕೊಂಡು, ಉಂಗುರ ಬೆರಳಿನಿಂದ ಬರುತ್ತಿರಲಿಲ್ಲ. ಅತ್ತೆ ಪಿತ್ತ ಎಂದರು, ಶುಂಠಿ ಕಷಾಯ ಮಾಡಿಕೊಟ್ಟರು. ಆಂಟಿ ದೃಷ್ಟಿ ಎಂದರು, ಮೆಣಸಿನಕಾಯಿ ಸುಟ್ಟರು. ಸೋದರತ್ತೆ ಫೋನಿನಲ್ಲೇ, "ಬಸುರಿ ಅಂದ್ಮೇಲೆ ಕೈಕಾಲು ಊದೋದೇ" ಎಂದು ತೀರ್ಪು ಕೊಟ್ಟರು. ಯಜಮಾನರು ಮೊಬೈಲ್ ಜಾಸ್ತಿ ನೋಡುತ್ತೀಯ ಎಂದರು, ಮೊಬೈಲ್ ನೋಡುತ್ತ. ಆಸ್ಪತ್ರೆಗೆ ಫೋನ್ ಮಾಡಿದರೆ, "ಮೇಡಂ, ನಿಮ್ಮ ಅಪಾಯಿಂಟ್‌ಮೆಂಟ್ ಗುರುವಾರ ಇದೆ, ಫೋರ್‌ಡಿ ಫೋಟೊ ರೆಡಿ ಇದೆ, ಆವತ್ತೇ ತಗೊಳ್ಳಿ" ಎಂದರು. ಏಳು ತಿಂಗಳಿಂದ ನನ್ನ ವಯಸ್ಸನ್ನು ಕಂಠಪಾಠ ಮಾಡಿದ್ದ ಇಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯದ ಮಾತು, ಬಾಗಿಲಲ್ಲಿ ನಿಂತ ಆಶಾಳಿಗೆ ನನ್ನ ಮುಖ ನೋಡಿದ ಕೂಡಲೇ ಹೊಳೆಯಿತು. "ಅಕ್ಕ, ಬಿಪಿ ನೋಡ್ಸಿದ್ರಾ? ಇವತ್ತು 9ನೇ ತಾರೀಕು. ನಡೀರಿ."

ನಮ್ಮ ಬಡಾವಣೆಯ ಆರೋಗ್ಯ ಕೇಂದ್ರ ಸ್ವರ್ಗವೇನಲ್ಲ. ಒಂದು ಫ್ಯಾನು, ಎರಡು ಬೆಂಚು, ಅರವತ್ತು ಬಸುರಿಯರು. ಫೋರ್‌ಡಿ ಬಿಡಿ, ಗೋಡೆಯ ಮೇಲಿನ ಚಿತ್ರದಲ್ಲಿದ್ದ ಮಗುವಿನ ಮೂಗೇ ಮಾಸಿಹೋಗಿತ್ತು. ಆದರೆ ಮೇಜಿನ ಹಿಂದಿನ ಸಿಸ್ಟರ್ ಒಬ್ಬರು, ಸಾಲಿನಲ್ಲಿ ಬಂದ ಪ್ರತಿಯೊಬ್ಬಳ ತೋಳಿಗೂ ಪಟ್ಟಿ ಸುತ್ತಿ, ಗಾಳಿ ತುಂಬಿ, ಕಿವಿಗೊಟ್ಟು ಕೇಳಿ ಬರೆಯುತ್ತಿದ್ದರು. ನನ್ನ ಸರದಿ ಬಂತು. ಕೇಳಿದರು. ಮತ್ತೊಮ್ಮೆ ಗಾಳಿ ತುಂಬಿದರು. "ಹದಿನೈದು ನಿಮಿಷ ಎಡಕ್ಕೆ ಹೊರಳಿ ಮಲ್ಕೊಳಿ" ಎಂದು ಬೆಂಚು ಖಾಲಿ ಮಾಡಿಸಿದರು. ಮೂರನೆಯ ಸಲವೂ 150ರ ಮೇಲೆ 100. ಮೂತ್ರದಲ್ಲಿ ಪ್ರೋಟೀನು. ಬಿಪಿ 140ರ ಮೇಲೆ 90 ದಾಟಿದರೆ ಬಿಡುವ ಹಾಗಿಲ್ಲ. ಬಿಟ್ಟರೆ ಫಿಟ್ಸ್ ಬರಬಹುದು, ತಾಯಿ ಮಗು ಇಬ್ಬರೂ ಕೈತಪ್ಪಬಹುದು.

"ಹಳೇ ಫೈಲ್ ಕೊಡಿ" ಎಂದರು. ಕೊಟ್ಟೆ. ನುಣುಪಾದ ಹಾಳೆಯ, ಕೆಂಪು ಶಾಯಿಯ ಫೈಲು. ಬಿಪಿಯ ಕಾಲಮ್ಮಿನಲ್ಲಿ ಏಳು ಭೇಟಿಗೂ 120/80. ಆ ಸಾಲನ್ನು ನಾನೂ ಆವತ್ತೇ ಮೊದಲ ಸಲ ನೋಡಿದ್ದು. ಪಿಯು ಗಣಿತದ ಉತ್ತರಪತ್ರಿಕೆ ತಿದ್ದುವವಳಿಗೆ ಇದು ಹೊಸದಲ್ಲ. ಜೀವ ಇರುವ ಯಾವ ಅಂಕಿಯೂ ಏಳು ಸಲ ಹಾಗ್ಹಾಗೇ ಬರುವುದಿಲ್ಲ. ಹಾಗೆ ಬರುವುದು ಕಾಪಿ ಹೊಡೆದಾಗ ಮಾತ್ರ. ತೋಳಿಗೆ ಪಟ್ಟಿ ಸುತ್ತಿಸಿಕೊಂಡ ನೆನಪು ನನಗೂ ಮೊದಲ ಎರಡು ಸಲದ್ದಷ್ಟೇ. ಮುಖದ ಫೋಟೊ ತೆಗೆಯಲು ಲಕ್ಷಗಟ್ಟಲೆ ಬೆಲೆಯ ಯಂತ್ರವಿದ್ದಲ್ಲಿ, ತೋಳಿಗೆ ಸುತ್ತುವ ಬಟ್ಟೆಯ ಪಟ್ಟಿಗೆ ಬಿಡುವಿರಲಿಲ್ಲ.

ಸಿಸ್ಟರ್ ತಾಯಿ ಕಾರ್ಡಿನ ಮೇಲೆ ಒಂದು ಕೆಂಪು ಚೀಟಿ ಅಂಟಿಸಿದರು. ನಾನು ಅದನ್ನು ನೋಡಿದ ರೀತಿಗೆ ಏನನ್ನಿಸಿತೋ, "ಹೆದರ್ಕೋಬೇಡಿ, ಇದು ನಿಮ್ಮನ್ನ ಸಾಲಲ್ಲಿ ನಿಲ್ಲಿಸದೆ ಮೊದಲು ಒಳಗೆ ಬಿಡೋಕೆ" ಎಂದರು. ಹದಿನೆಂಟು ತುಂಬದ ಹುಡುಗಿಯೊಬ್ಬಳ ಕಾರ್ಡಿಗೂ, ರಕ್ತಹೀನತೆಯ ಇನ್ನೊಬ್ಬಳ ಕಾರ್ಡಿಗೂ ಅದೇ ಚೀಟಿ ಇತ್ತು. ಕಬ್ಬಿಣದ ಮಾತ್ರೆಗೆ ಕಾಫಿ ಬೇಡ ಎಂದು ಹೇಳಿದ್ದೂ ಇವರೇ, ಚೀಟಿಯ ಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತ. ಎರಡೂ ಕಡೆ ಬಣ್ಣ ಕೆಂಪೇ. ಅಲ್ಲಿನ ಕೆಂಪು ನನ್ನನ್ನು ಗಾಬರಿಪಡಿಸಿ ಬಿಲ್ಲು ಕಟ್ಟಿಸಿತು. ಇಲ್ಲಿನ ಕೆಂಪು ನನ್ನ ತೋಳಿಗೆ ಮೂರು ಸಲ ಪಟ್ಟಿ ಸುತ್ತಿತು.

ಆವತ್ತೇ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಐದು ದಿನ ಅಲ್ಲಿದ್ದೆ. ಬಿಪಿ ಮಾತ್ರೆಗೆ ಬಗ್ಗಿತು. ಆಸ್ಪಿರಿನ್ ತೆಗೆದುಕೊಂಡೂ ಹೀಗಾಯಿತಲ್ಲ ಎಂದು ಆಂಟಿ ಗೆದ್ದವರ ಹಾಗೆ ನಕ್ಕರು. ಅದು ಅಪಾಯ ತಗ್ಗಿಸುತ್ತದೆ ಅಷ್ಟೇ. ಗ್ಯಾರಂಟಿ ಕೊಡುವುದು ನಮ್ಮ ರಾಜ್ಯದಲ್ಲಿ ಸರ್ಕಾರ ಮಾತ್ರ. ಈ ನಡುವೆ ಪ್ಯಾಕೇಜಿನವರು ಫೋನ್ ಮಾಡಿ, "ಮೇಡಂ, ನಿಮ್ಮ ವಯಸ್ಸಿಗೆ ರಿಸ್ಕ್ ಬೇಡ, ಸಿಸೇರಿಯನ್ನೇ ಮಾಡೋಣ, ಒಳ್ಳೆ ಮುಹೂರ್ತ ಇದ್ದರೆ ತಿಳಿಸಿ" ಎಂದರು. ದೇಶದ ಒಟ್ಟು ಹೆರಿಗೆಗಳಲ್ಲಿ ಸಿಸೇರಿಯನ್ನಿನ ಪಾಲು ಶೇ 21.5, ಖಾಸಗಿ ಆಸ್ಪತ್ರೆಗಳಲ್ಲಿ ಶೇ 47.4 ಎಂದು ಅದೇ ಐದನೇ ಸಮೀಕ್ಷೆ ಹೇಳುತ್ತದೆ. ಖಾಸಗಿ ಬಾಗಿಲು ದಾಟುತ್ತಲೇ ಹೆಂಗಸರ ಸೊಂಟ ಕಿರಿದಾಗುವ ಈ ಪವಾಡವನ್ನು ಯಾವ ಪಂಡಿತರೂ ವಿವರಿಸಿಲ್ಲ. ಬೇಕಾದಾಗ ಸಿಸೇರಿಯನ್ ಜೀವ ಉಳಿಸುತ್ತದೆ. ವಯಸ್ಸಾದವಳನ್ನು ದಿನ ತುಂಬಿದ ಮೇಲೂ ಬಹಳ ಕಾಯಿಸುವುದು ಸರಿಯಲ್ಲ ಎನ್ನುವುದೂ ನಿಜ. ಆದರೆ ಆಧಾರ್ ಕಾರ್ಡಿನ ಹುಟ್ಟಿದ ವರ್ಷ ಒಂದನ್ನೇ ನೋಡಿ ಹೊಟ್ಟೆ ಕುಯ್ಯಿರಿ ಎಂದು ಯಾವ ವೈದ್ಯಶಾಸ್ತ್ರವೂ ಹೇಳುವುದಿಲ್ಲ.

ಮೂವತ್ತೇಳು ವಾರಕ್ಕೆ ನೋವು ಬರಿಸಿದರು. ರಾಹುಕಾಲದಲ್ಲಿ, ಯಾರ ಮುಹೂರ್ತಕ್ಕೂ ಕಾಯದೆ, ಎರಡು ಕಿಲೊ ಮುನ್ನೂರು ಗ್ರಾಂ ತೂಕದ ಮಗು ಹುಟ್ಟಿ, ವಾರ್ಡು ಕಿತ್ತುಹೋಗುವಂತೆ ಅತ್ತಿತು. ಗಂಡೋ ಹೆಣ್ಣೋ ಎಂದು ಕೇಳಬೇಡಿ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಹುಟ್ಟಿದ ಮೇಲೆ ಅನ್ವಯಿಸುವುದಿಲ್ಲ ಎಂದು ಗೊತ್ತು, ಆದರೂ ಹೇಳುವುದಿಲ್ಲ. ಪುಡಿ ಕೊಟ್ಟ ಆಂಟಿ ಇದನ್ನು ಓದುತ್ತಿರುತ್ತಾರೆ.

ಈಗ ತೊಟ್ಟಿಲು ನೋಡಲು ಬಂದವರೂ ಕೇಳುವುದು ಅದನ್ನೇ: "ಎಷ್ಟು ವಯಸ್ಸಮ್ಮ ನಿಂಗೆ?" ಹೇಳುತ್ತೇನೆ, ಅವರು ಬೆರಳು ಮಡಚುತ್ತಾರೆ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ 35 ದಾಟಿದ ಬಸುರಿ ಇದ್ದರೆ ಅವಳ ವಯಸ್ಸು ಅವಳಿಗೆ ಗೊತ್ತಿದೆ, ನೀವು ನೆನಪಿಸಬೇಕಾಗಿಲ್ಲ. ಕೇಳಲೇಬೇಕೆನ್ನಿಸಿದರೆ ಬೇರೆ ಪ್ರಶ್ನೆಗಳಿವೆ. ಬಿಪಿ ಎಷ್ಟಿದೆ? ನಿನ್ನ ತೋಳಿಗೆ ಪಟ್ಟಿ ಸುತ್ತಿಯೇ ಬರೆದರಾ? ಸಕ್ಕರೆ ನೋಡಿಸಿದೆಯಾ? ತಲೆನೋವು, ಕಣ್ಣು ಮಂಜು, ಮುಖದ ಬಾವು ಏನಾದರೂ ಇದೆಯಾ? ಮಗು ದಿನದ ಹಾಗೇ ಒದೆಯುತ್ತಿದೆಯಾ? ಇಷ್ಟು ಕೇಳಿ, ಅವಳು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡು, ಬೇಕಾದರೆ ಆಟೊ ಕರೆದುಕೊಡಿ. ಆಟೊದಲ್ಲಿ ನೀವೂ ಕೂತರೆ ಇನ್ನೂ ಒಳ್ಳೆಯದು. ಕೇಸರಿ ನೀವೇ ಇಟ್ಟುಕೊಳ್ಳಿ, ಪಾಯಸಕ್ಕಾಗುತ್ತದೆ.